ಬೆಳ್ಳಿನೀರಿಗೊಂದು ಬಾಟಲಿ

ಖಾಲಿಯಾದ ಗಾಜಿನ ಬಾಟಲಿಯನ್ನು ಎಸೆಯುವ ಎದೆಗಾರಿಕೆ ನನಗೆಂದೂ ಇದ್ದದ್ದಲ್ಲ. ಪ್ಲಾಸ್ಟಿಕ್ ಡಬ್ಬಿಯನ್ನು ನಿರ್ವಿಕಾರಚಿತ್ತದಿಂದ ಒಣಕಸಕ್ಕೆ ಹಾಕಬಲ್ಲ ನಾನು, ಜಾಮ್ ಮುಗಿದ ಬಾಟಲಿಯೆದುರು ಮಾತ್ರ ಕರುಣಾಮಯಿಯಾಗಿಬಿಡುತ್ತೇನೆ. ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ ಅಟ್ಟಕ್ಕೇರಿಸುತ್ತೇನೆ. ಯಲಹಂಕದ ನಮ್ಮ ಮನೆಯ ಮೇಲೆ ವಿಮಾನ ಹಾದುಹೋದಾಗಲೆಲ್ಲ, ಮೋಕ್ಷಕ್ಕೆ ಕಾದಿರುವ ಆ ಗಾಜಿನ ಆತ್ಮಗಳು ಸಣ್ಣಗೆ ಕಿಣಿಗುಟ್ಟುತ್ತವೆ. ಇಷ್ಟಿದ್ದೂ ಒಂದೇ ಒಂದು ಬಾಟಲಿಗಾಗಿ ನಮ್ಮಲ್ಲಿ ಶೀತಲಸಮರ ನಡೆಯಿತೆಂದರೆ ನೀವು ನಂಬಲಾರಿರಿ.

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಮೊಬೈಲಿನ ವಿಡಿಯೋಗಳಲ್ಲಿ ಆರೋಗ್ಯಶಾಸ್ತ್ರದ ವ್ಯಾಸಂಗ ಕೈಗೊಂಡಿದ್ದಾರೆ. ಮೆಂತ್ಯಪರ್ವ, ಬೂದುಗುಂಬಳಪರ್ವ ಮುಗಿದು ಬೆಳ್ಳಿಪರ್ವ ಆರಂಭವಾಗಿತ್ತು. ಇನ್ವರ್ಟರಿಗೆಂದು ತಂದಿದ್ದ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಬೆಳ್ಳಿ ವಸ್ತುಗಳನ್ನು ಇಳಿಬಿಟ್ಟು, ಸಣ್ಣ ಬ್ಯಾಟರಿಯ ವೈರು ಸಿಕ್ಕಿಸಿದರೆ ಬೆಳ್ಳಿ ಕಣಕಣವಾಗಿ ನೀರಿಗಿಳಿಯುತ್ತದಂತೆ. ದಿನಕ್ಕೊಂದು ಚಮಚ ಕುಡಿದರೆ ಕೆಮ್ಮು ಹತ್ತಿರ ಸುಳಿಯದಂತೆ. ಯಾವ ಬೆಳ್ಳಿ ಅಂದಿರಾ? ಒಂದು, ಪೂಜೆಯ ಉದ್ಧರಣೆ. ಇನ್ನೊಂದು, ಕೂಸಾಗಿದ್ದಾಗ ಇವರಿಗೇ ನಮ್ಮತ್ತೆ ಹಾಲು ಕುಡಿಸಿದ ಒಳಲೆ. ಅದರ ಮೂತಿಯನ್ನು ಕೆಂಪು ವೈರು ಕಚ್ಚಿಕೊಂಡಿದ್ದನ್ನು ಕಂಡು ನನಗೆ ನಗುವೋ ಅಳುವೋ ತಿಳಿಯಲಿಲ್ಲ.

ಆದರೆ ಮೊದಲ ಚಮಚ ಕೆಮ್ಮುತ್ತಿದ್ದ ಅತ್ತೆಗೇ ಎಂದು ತಿಳಿದಾಗ ಹೆದರಿದೆ. ಆರ್.ಟಿ. ನಗರದ ನಮ್ಮ ಡಾಕ್ಟರಿಗೆ ಫೋನು ಮಾಡಿದೆ. "ಕುಡಿಯಕ್ಕೆ ಬಿಡ್ಲೇಬೇಡಿ ಮೇಡಂ. ಉಪಯೋಗ ಏನೂ ಇಲ್ಲ. ಚರ್ಮ ಬೂದಿ ಬಣ್ಣಕ್ಕೆ ತಿರುಗಿದ್ರೆ ಮತ್ತೆ ವಾಪಸ್ ಬರಲ್ಲ" ಎಂದರು. ಇವರಿಗೆ ಹೇಳಿದೆ. "ನಿನ್ನ ಡಾಕ್ಟರಿಗೆ ಮಾತ್ರೆ ಬರೆಯೋದು ಬಿಟ್ರೆ ಏನ್ ಗೊತ್ತು ಕಣೇ!" ಎಂದರು. ಕಾನ್ವೆಂಟಿನಲ್ಲಿ ನಮಗೆ ದನಿಯೇರಿಸದೆ ವಾದಿಸುವುದನ್ನು ಕಲಿಸಿದ್ದರು. ಹಾಗೆ ವಾದಿಸಿ ಗೆಲ್ಲುವುದನ್ನು ಕಲಿಸಿರಲಿಲ್ಲ.

ಉಳಿದದ್ದು ಒಂದೇ ಆಯುಧ. "ಇದನ್ನ ಯಾವುದರಲ್ಲಿ ತುಂಬಿಡ್ತೀರಿ?" ಎಂದೆ, ಪರಮಮುಗ್ಧಳಾಗಿ. ಇವರು ಪ್ಲಾಸ್ಟಿಕ್ ಬಾಟಲಿಗೆ ಕೈಹಾಕಿದರು. ಪ್ಲಾಸ್ಟಿಕ್ಕು ನೀರಿಗೆ ಏನೇನೋ ಬಿಡುತ್ತದೆಂದೆ. ಮತ್ತೆ ವ್ಯಾಸಂಗ. ಬೆಳಕು ತೂರದ ಕಂದು ಗಾಜೇ ಶ್ರೇಷ್ಠವಂತೆ. ಮನೆಯಲ್ಲಿದ್ದ ಏಕೈಕ ಕಂದು ಬಾಟಲಿಯಲ್ಲಿ ಅತ್ತೆಗೆ ಡಾಕ್ಟರು ಬರೆದಿದ್ದ ಕೆಮ್ಮಿನ ಸಿರಪ್ಪೇ ಇತ್ತು! ಜಾಮಿನದು ಚಿಕ್ಕದು, ಕಾಫಿಪುಡಿಯದಕ್ಕೆ ವಾಸನೆ, ಜೇನಿನದರ ಮುಚ್ಚಳ ತುಕ್ಕು. ದಿನಕ್ಕೊಂದು ದೋಷ ಹುಡುಕುತ್ತ ನಾನು ಕಾಲ ತಳ್ಳಿದೆ. ಬೆಳ್ಳಿನೀರು ಗಾಜಿನ ಬೋಗುಣಿಯಲ್ಲಿ ತಟ್ಟೆ ಮುಚ್ಚಿಕೊಂಡು ಕಾದಿತ್ತು.

ಕೊನೆಗೊಂದು ಬೆಳಗ್ಗೆ ಇವರೇ ಸ್ಟೂಲು ಹತ್ತಿ ದೊಡ್ಡ ಗಾಜಿನ ಜಾಡಿಯೊಂದನ್ನು ಇಳಿಸಿದರು. ಬಿಸಿನೀರಲ್ಲಿ ತೊಳೆದು, ಬೆಳಕು ತಾಗದಂತೆ ಸುತ್ತಲೂ ಕಂದು ಕಾಗದ ಅಂಟಿಸಿ, ಬಾಲ್ಕನಿಯ ಬಿಸಿಲಿಗೆ ಒಣಗಲಿಟ್ಟು ವಾಕಿಂಗಿಗೆ ಹೋದರು. ನನ್ನ ಬತ್ತಳಿಕೆ ಬರಿದಾಗಿತ್ತು.

ಇವರು ಮರಳಿ ಬಂದು, ಬೆಳ್ಳಿನೀರನ್ನು ಜಾಡಿಗೆ ಸುರಿದು ಅಲುಗಾಡಿಸಿ ಇಣುಕಿದರು. ತಿಳಿಯಾಗಿದ್ದ ನೀರು ತೆಳು ಮಜ್ಜಿಗೆಯಂತೆ ಮಬ್ಬಾಗಿತ್ತು. ತಳದಲ್ಲಿ ಬೆರಳಾಡಿಸಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡವರೇ ಕೂಗಿದರು: "ಯಾರು ಇದಕ್ಕೆ ಉಪ್ಪು ಹಾಕಿದ್ದು?"

"ನಾನೇ ಕಣೋ," ಅತ್ತೆ ಒಳಗಿನಿಂದ ಬಂದರು. "ನೀನು ಜಾಡಿ ತೊಳ್ದು ಬಿಸಿಲಿಗಿಟ್ಟಿದ್ಯಲ್ಲ. ಉಪ್ಪಿನಕಾಯಿಗೆ ನಿಂಬೆಹಣ್ಣು ತರಕ್ಕೆ ಹೋಗಿದ್ದೀಯ ಅಂದ್ಕೊಂಡೆ. ತಳಕ್ಕೆ ಉಪ್ಪು ಹಾಕ್ದೆ ಯಾರಾದ್ರೂ ಜಾಡಿ ತುಂಬ್ತಾರಾ?"

"ಬೆಳ್ಳಿನೀರಿಗೆ ಉಪ್ಪು ಸೇರಬಾರದಮ್ಮ! ಎಲ್ಲಾ ಕೆಟ್ಟೋಯ್ತು. ನಿಂಗೆ ಕುಡಿಸಕ್ಕೇ ಮಾಡಿದ್ದು."

"ನಂಗಾ?" ಅತ್ತೆ ಜಾಡಿಯೊಳಗೆ ಇಣುಕಿದರು. "ಉಪ್ಪು ಸೇರಿದ್ರೆ ಹಿಂಗಾಗತ್ತೆ ಅಂತೀಯ. ನನ್ನ ಹೊಟ್ಟೇಲೇನು ಸಕ್ಕರೆ ಇದ್ಯೇನೋ? ಹುಟ್ಟಿದಾಗಿನಿಂದ ಉಪ್ಪು ತಿಂದ ಹೊಟ್ಟೆ ಕಣೋ ಇದು!"

ಬೆಳ್ಳಿಯ ದ್ರಾವಣಕ್ಕೆ ಉಪ್ಪುನೀರು ಬಿದ್ದರೆ ಬೆಳ್ಳಗೆ ಒಡೆಯುವುದನ್ನು ಶಾಲೆಯಲ್ಲಿ ಸಿಸ್ಟರ್ ನಮಗೆ ಗಾಜಿನ ನಳಿಕೆಯಲ್ಲಿ ತೋರಿಸಿದ್ದರು. ವಾದಕ್ಕೆ ಬೇಕಾದಾಗ ಕೈಕೊಟ್ಟ ಆ ಪಾಠ, ವಾದ ಮುಗಿದ ಮೇಲೆ ಸವಿವರವಾಗಿ ನೆನಪಾಯಿತು. ಇವರು ಜಾಡಿಯನ್ನು ಸಿಂಕಿಗೆ ಬಗ್ಗಿಸಿದರು.

"ಅಯ್ಯೋ, ನನ್ನ ಒಳಲೆ ಯಾಕೋ ಹಿಂಗ್ ಕಪ್ಪಗಾಗಿದೆ?" ಎಂದರು ಅತ್ತೆ.

ಮಧ್ಯಾಹ್ನವಿಡೀ ಇವರು ವಿಭೂತಿ ಹಚ್ಚಿ ಒಳಲೆಯನ್ನು ಉಜ್ಜಿದರು. ಸಂಜೆ, ತಾವಾಗಿಯೇ ಸಿರಪ್ಪನ್ನು ಅದಕ್ಕೆ ಬಗ್ಗಿಸಿಕೊಂಡು ತಾಯಿಯ ತುಟಿಗೆ ಹಿಡಿದರು. "ಪೂರ್ತಿ ಕುಡಿಸೋ, ನಾನೇನು ನಿಂಗೆ ಅರ್ಧ ಕುಡಿಸಿದ್ನಾ?" ಎಂದು ಅತ್ತೆ ಗದರಿಕೊಂಡರು. ಇಷ್ಟು ದಿನ ಇವರಿಗೆ ಬೇಕಾಗಿದ್ದದ್ದು ಇಷ್ಟೇ ಇರಬಹುದೆಂದು ನನಗೆ ಹೊಳೆದದ್ದು ಆಗ. ಪಾಪ, ಅದಕ್ಕೆ ಬ್ಯಾಟರಿ ಬೇಕಿರಲಿಲ್ಲ.

ಕಾಗದ ಕಿತ್ತು, ತಿಕ್ಕಿ ತೊಳೆದ ಜಾಡಿಯಲ್ಲಿ ಈಗ ನಿಂಬೆಕಾಯಿ ಉಪ್ಪಿನಕಾಯಿ ಮಾಗುತ್ತಿದೆ. ಅತ್ತೆಯ ಕೆಮ್ಮು ನಿಂತಿದೆ. ಮೊನ್ನೆ ಸಿರಪ್ಪೂ ಮುಗಿಯಿತು. ಅಭ್ಯಾಸಬಲದಿಂದ ಬಾಟಲಿಯನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿದೆ. ಒಳ್ಳೆಯ ಕಂದು ಗಾಜು, ಬಿಗಿಯಾದ ಮುಚ್ಚಳ, ವಾಸನೆಯೂ ಇಲ್ಲ. ತಿರುಗಿ ನೋಡಿದರೆ ಹಿಂದೆ ನಿಂತು ಇವರೂ ಅದನ್ನೇ ನೋಡುತ್ತಿದ್ದರು.

ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಗಾಜಿನ ಬಾಟಲಿಯನ್ನು ಎಸೆದೆ.