ದೇಸೂರ ದಾಟದ ಫಟಫಟಿ

ಗೋರಾ ಸಾಹೇಬರು ಒಳ್ಳೆಯ ವಸ್ತುವನ್ನು ಸುಮ್ಮನೆ ಕೈಬಿಡುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಮೊದಲನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಬೆಳಗಾವಿ ಕ್ಯಾಂಪಿನ ಸಾರ್ಜಂಟನೊಬ್ಬ ವಿಲಾಯತಿಗೆ ಹೊರಟವನು ತನ್ನ ಹಳೆಯ ಮೋಟಾರ್ ಸೈಕಲನ್ನು ನಮ್ಮ ಅಣ್ಣನಿಗೆ ಮಾರಿ ಹೋದ. ಹ್ಯಾಂಡಲ್ ಕೈಗೆ ಕೊಡುವಾಗ ನಕ್ಕ. ಆ ನಗು ನನಗೆ ಸರಿಬರಲಿಲ್ಲ.

ಅಣ್ಣನಿಗೆ ಬೇರೆ ದಾರಿ ಇರಲಿಲ್ಲ. ಖಾನಾಪುರ ತಾಲೂಕಿನ ಹಳ್ಳಿಗಳನ್ನು ಸುತ್ತಿ, ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕುವ ಸರಕಾರಿ ನೌಕರಿ ಅವನದು. ಹಿಂದಿನ ಮಳೆಗಾಲದಲ್ಲಿ ಪಾರಿಶ್ವಾಡದ ದಾರಿಯಲ್ಲಿ ಸೈಕಲ್ ಜಾರಿ ಎಡಗಾಲು ಮುರಿದುಕೊಂಡು ಬೆಳಗಾವಿಯ ಮನೆಗೆ ಬಂದು ಬಿದ್ದಿದ್ದ. ಎಲುಬು ಕೂಡಿತು, ಮೊಣಕಾಲು ಮಡಚಲಿಲ್ಲ. ದೀಪಾವಳಿಯೊಳಗೆ ಖಾನಾಪುರದಲ್ಲಿ ಹಾಜರಾಗದಿದ್ದರೆ ಬೇರೆಯವರನ್ನು ಹಾಕುತ್ತೇವೆಂದು ಮೇಲಿನವರು ಹೇಳಿ ಕಳಿಸಿದ್ದರು. ಪೆಡಲ್ ತುಳಿಯಲಾರದವನು ಒಳ್ಳೆಯ ಕಾಲಿನಿಂದ ಕಿಕ್ ಹೊಡೆಯಬಲ್ಲ. ದಾರಿಯಲ್ಲಿ ಗಾಡಿ ಕೆಟ್ಟರೆ ಮಾತ್ರ ತಳ್ಳಲಾರ. ಫಟಫಟಿ ಕೈಕೊಡದೆ ಓಡಿದರಷ್ಟೇ ಅವನ ಅನ್ನ.

ಪಲ್ಟಣದ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬ ಮಿಸ್ತ್ರಿಯನ್ನು ಮನೆಗೇ ಕರೆಸಿದೆವು. ಅವನ ಕೊಟ್ಟಿಗೆಗೆ ಒಯ್ದರೆ ಒಳ್ಳೆಯ ಸಾಮಾನು ಕಳಚಿ ಹಳೆಯದನ್ನು ಜೋಡಿಸುತ್ತಾನೆ ಎಂಬುದು ನನ್ನ ಲೆಕ್ಕ. ಅಂಗಳದಲ್ಲಿ ಗೋಣಿತಟ್ಟು ಹಾಸಿ ಎಲ್ಲವನ್ನೂ ಬಿಚ್ಚಿ ಹರವಿದ. ವಾಲ್ವ್ ಉಜ್ಜಿದ, ಕಾರ್ಬುರೇಟರ್ ತೊಳೆದ, ಸವೆದ ಬೆಲ್ಟ್ ಬದಲಿಸಿದ. ಯಾವ ಭಾಗ ಯಾತಕ್ಕೆ ಎಂದು ಒಂದೊಂದನ್ನೂ ಎತ್ತಿ ದೊಡ್ಡ ದನಿಯಲ್ಲಿ ಹೇಳುತ್ತಿದ್ದ. ಅಣ್ಣನ ಲಕ್ಷ್ಯವೆಲ್ಲ ಕಿಕ್ಕಿನ ಮೇಲೆ; ನಾನಂತೂ ಅವನ ಮಾತು ಬಿಟ್ಟು ಕೈಯನ್ನೇ ನೋಡುತ್ತಿದ್ದೆ. ಅವ್ವ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ಏನ್ರೀ ಸಣ್ಣ ಸಾವಕಾರ್ರ, ಹಿಂಗ ದಿಟ್ಟಿಸಿ ನೋಡ್ಕೋತ ಕುಂತ್ರ ನನ್ನ ಕೈಗೆ ದೃಷ್ಟಿ ಆಕ್ಕೈತ್ರಿ," ಎಂದ ಮಿಸ್ತ್ರಿ.

"ನೋಡಾಕಂತನ ಕುಂತೀನ್ರಿ," ಎಂದೆ.

ಅವನು ನಕ್ಕ. ಆ ವರ್ಷ ನನ್ನನ್ನು ನೋಡಿ ಎಲ್ಲರೂ ನಗುವವರೇ.

ದಸರೆ ಮುಗಿದ ಮೇಲೆ ಪರೀಕ್ಷೆಗೆಂದು ಖಾನಾಪುರದ ದಾರಿ ಹಿಡಿದೆವು. ಹಿಂದಿನ ಕ್ಯಾರಿಯರಿನ ಮೇಲೆ ನಾನು. ಹೊರಡುವ ಮುಂಚೆ ಅವ್ವ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿದ ಕುಂಕುಮವನ್ನು ಪೆಟ್ರೋಲ್ ಟಾಕಿಯ ಹಿತ್ತಾಳೆ ಮುಚ್ಚಳಕ್ಕೆ ಹಚ್ಚಿ ಕೈಮುಗಿದಳು. ಗಾಡಿ ಚೆನ್ನಾಗಿಯೇ ಓಡಿತು. ದೇಸೂರಿನ ಹತ್ತಿರ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಪೆಟ್ರೋಲ್ ತೀರಿತೇನೋ ಎಂದು ಅಣ್ಣ ಮುಚ್ಚಳ ತೆಗೆದು ನೋಡಿದರೆ ಅರ್ಧಕ್ಕಿಂತ ಹೆಚ್ಚಿತ್ತು. ಮುಚ್ಚಿ ಕಿಕ್ ಹೊಡೆದ, ಶುರುವಾಯಿತು. ಮುಂದೆ ಹೋಗುವ ಧೈರ್ಯವಾಗದೆ ತಿರುಗಿಸಿದೆವು. ಮನೆಯತನಕ ಒಂದು ತಕರಾರಿಲ್ಲ.

ಮತ್ತೊಂದು ಮುಂಜಾನೆ ಹೋದೆವು, ಹಾಗೇ ಆಯಿತು. ಆಮೇಲೆ ಹೋದಾಗಲೂ ದೇಸೂರಿನ ಆಸುಪಾಸಿನಲ್ಲೇ ನಿಂತಿತು. "ಫಟಫಟಿಗೂ ತವರಿನ ಹಂಬಲ ಐತಿ ನೋಡ್ರಿ," ಎಂದು ಓಣಿಯವರು ಚೇಷ್ಟೆ ಮಾಡಿದರು. ನಾನು ಸಾರ್ಜಂಟನನ್ನು ಬೈದೆ, ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾನೆಂದು ಅಂಗಡಿಯವನ ಜೊತೆ ಜಗಳ ತೆಗೆದೆ. ಮಿಸ್ತ್ರಿ ಮತ್ತೆ ಬಂದು ಎಲ್ಲ ಬಿಚ್ಚಿ ನೋಡಿ, ತನಗೇನೂ ತಿಳಿಯದೆಂದು ಕೈಚೆಲ್ಲಿದ. ಅವನ ಮೇಲಂತೂ ನನ್ನ ಸಂಶಯ ಬಲಿಯಿತು. ಕೆಟ್ಟ ಗಾಡಿಯೇ ಅಲ್ಲವೇ ಮಿಸ್ತ್ರಿಯ ಹೊಟ್ಟೆ ಹೊರೆಯುವುದು?

ದೀಪಾವಳಿ ಹತ್ತಿರ ಬಂತು. ಆ ಸಲ ಗಾಡಿ ನಿಂತಾಗ ಅಣ್ಣ ಇಳಿದು ಮೈಲಿಗಲ್ಲಿನ ಮೇಲೆ ಕೂತ. ಮಡಚದ ಕಾಲು ಮುಂದಕ್ಕೆ ಚಾಚಿತ್ತು.

"ನೌಕರಿ ಹೋತಂತ ತಿಳ್ಕೋ," ಎಂದ. "ಕುಂಟ ಮನ್ಯಾಗ ಕುಂತು ಉಣ್ಣೂದು ಅಷ್ಟ ಇನ್ನ."

ಸಿಟ್ಟಿನಿಂದ ನಾನೇ ಮುಚ್ಚಳ ತಿರುವಿದೆ. ಒಳಗಿನಿಂದ ಯಾರೋ ಎಳೆದು ಹಿಡಿದ ಹಾಗೆ ಬಿಗಿಯಾಗಿತ್ತು. ಬಿಟ್ಟುಕೊಂಡಾಗ ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಬೆರಳು ಕೆಂಪಾಗಿತ್ತು. ಕುಂಕುಮ ಒರೆಸಿ ನೋಡಿದರೆ ಮುಚ್ಚಳದ ಅಂಚಿನ ಅಕ್ಷರಗಳ ನಡುವೆ ಸಾಸಿವೆಯಷ್ಟು ಸಣ್ಣ ತೂತು, ಗಟ್ಟಿಯಾಗಿ ಮೆತ್ತಿಹೋಗಿತ್ತು. ಗಾಳಿ ಒಳಹೋಗದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ಮುಚ್ಚಳ ತೆಗೆದು ಮತ್ತೆ ಹಾಕಿದಾಗ ಮೆತ್ತಿದ್ದು ಸಡಿಲಾಗಿ ಮನೆ ಮುಟ್ಟುತ್ತಿದ್ದೆವು. ಮುಂದಿನ ಸಲ ಹೊರಡುವಾಗ ಅವ್ವ ಮತ್ತೆ ಹಚ್ಚುತ್ತಿದ್ದಳು. ಜಾಲಿಮುಳ್ಳು ಮುರಿದು ತೂತು ಬಿಡಿಸಿದೆ. ಅವತ್ತು ಖಾನಾಪುರ ಮುಟ್ಟಿ, ಚಹಾ ಕುಡಿದು ಬಂದೆವು. ದಾರಿಯುದ್ದಕ್ಕೂ ಅಣ್ಣ ಹಾಡುತ್ತಿದ್ದ.

ಅವ್ವನ ಮನಸ್ಸು ನೋಯಬಾರದೆಂದು ನಾವು ತೂತಿನ ಮಾತೇ ಎತ್ತಲಿಲ್ಲ. "ಅವ್ವಾ, ನಾಳಿಂದ ಕುಂಕುಮ ಗಾಡಿ ಮುಂದಿನ ದೀಪಕ್ಕ ಹಚ್ಚು. ದೀಪನ ಗಾಡಿ ಹಣಿ," ಎಂದ ಅಣ್ಣ, ಅಷ್ಟೇ.

ಅವಳು ಅವನ ಮುಖವನ್ನೇ ನೋಡಿದಳು. "ಖಾನಾಪುರಕ್ಕ ಮನಿ ಮಾಡಿ ಇರಾಂವೇನು?"

"ಹೂಂ. ದಿನಾ ಇಲ್ಲಿಂದ ಹೋಗಾಕ ಆಗೂದಿಲ್ಲ."

"ಆ ಕಾಲು ತಗೊಂಡು?"

"ಈ ಕಾಲು ತಗೊಂಡನ, ಅವ್ವಾ."

ಅಣ್ಣ ಗಂಟುಮೂಟೆ ಕಟ್ಟಿಕೊಂಡು ಹೊರಟ ಮುಂಜಾನೆ ಅವ್ವ ಕುಂಕುಮದ ಬಟ್ಟಲು ಹಿಡಿದು ಬಂದಳು. ಹೇಳಿದ ಹಾಗೆ ದೀಪಕ್ಕೆ ಹಚ್ಚಿದಳು. ಆಮೇಲೆ ಕೈಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಡಿಸಿ, ಟಾಕಿಯ ಮೇಲೆ ಬಗ್ಗಿ, ಅಕ್ಷರಗಳ ನಡುವಿನ ಆ ಸಾಸಿವೆಯಷ್ಟು ತೂತಿಗೆ ನೇರವಾಗಿ ಚುಚ್ಚಿ ತಿರುವಿದಳು. ಒಮ್ಮೆಯೂ ಹುಡುಕಲಿಲ್ಲ. ಅದು ಅಲ್ಲಿದೆಯೆಂದು ಅಣ್ಣ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಪಿನ್ನನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಬಳೆಗೆ ಸಿಕ್ಕಿಸಿದಳು.

"ಇನ್ನ ಎಲ್ಲೂ ನಿಲ್ಲೂದಿಲ್ಲ," ಎಂದಳು. "ಹೋಗಿ ಬಾ."