ಮಗು ಮಲಗಿದೆ, ಮೆತ್ತಗೆ ಹೊರಡಿ

ಹೋದ ಭಾನುವಾರ ಮಧ್ಯಾಹ್ನ ಕಿರುಗಾವಲಿನ ನನ್ನ ತವರುಮನೆಯಿಂದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ಹೊರಗೆ ಬಂದೆ. ಐವತ್ತು ದಾಟಿದ ಹೆಂಗಸು ನಾನು. ಮಂಡಿನೋವು ಬೇರೆ. (ತುದಿಗಾಲಲ್ಲಿ ನಡೆದೆ ಅಂತ ಗೊತ್ತಾದರೆ ನಮ್ಮ ಮಂಡ್ಯದ ಡಾಕ್ಟರು ಬಿಡುವವರಲ್ಲ.)

ಕಾರಣ, ಒಳಗೆ ನನ್ನ ತಮ್ಮನ ಮಗಳು ಧನು ಮಲಗಿದ್ದಳು. ತಟ್ಟಿ ಮಲಗಿಸಿದವಳು ನಾನೇ. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ತಮ್ಮ ಲೋಕೇಶ ಟಿವಿ ಆಫ್ ಮಾಡಿ ರಿಮೋಟನ್ನು ಜೇಬಿಗೇ ಹಾಕಿಕೊಂಡಿದ್ದ. ಅವನ ಹೆಂಡತಿ ಸವಿತಾ, ಕುಕ್ಕರ್ ಕೂಗಿಬಿಟ್ಟೀತು ಅಂತ ಗ್ಯಾಸ್ ಆರಿಸಿದ್ದಳು. ಜೀವಮಾನದಲ್ಲಿ ಮೆತ್ತಗೆ ಮಾತಾಡಿ ಗೊತ್ತಿಲ್ಲದ ನಮ್ಮವ್ವ ಕೈಸನ್ನೆಯಲ್ಲೇ ಎಲ್ಲರಿಗೂ ಆರ್ಡರ್ ಕೊಡುತ್ತಿದ್ದಳು.

"ಬಿರ್ರನೆ ವೊಂಟೋಗಕ್ಕ, ಎದ್ದ್‌ಬುಟ್ಟಾಳು" ಅಂತ ಲೋಕೇಶ ಪಿಸುಗುಟ್ಟಿದ.

ಜಗಲಿ ಇಳಿದು, ಕರು ಓಡಾಡುತ್ತಿದ್ದ ಅಂಗಳ ದಾಟಿ, ಗೇಟು ತೆಗೆದೆ. ಆಗ ಕೋಣೆಯ ಕಿಟಕಿಯಿಂದ ದನಿ ಬಂತು. ನಿದ್ದೆಗಣ್ಣಿನ ದನಿಯಲ್ಲ, ಪೂರ್ತಿ ಎಚ್ಚರವಿರುವವರ ದನಿ.

"ಅತ್ತೆ, ಗೇಟಿಗೆ ಚಿಲ್ಕ ಆಕ್ಬುಟ್ಟು ಓಗು. ಕರ ಈಚ್ಗೆ ಬಂದ್ಬುಡ್ತದೆ."

ಅಷ್ಟು ಹೊತ್ತು ನನ್ನ ಕೈಕೆಳಗೆ ಮಲಗಿದ್ದವಳು ಯಾರು ಹಾಗಾದರೆ?

ನಿಮಗೆ ಸ್ವಲ್ಪ ಹಿಂದಿನದ್ದು ಹೇಳಬೇಕು. ಧನು ಈಗ ಆರನೇ ಕ್ಲಾಸು. ಪರೀಕ್ಷೆ ಬರೆದು, ಮದ್ದೂರಿನ ಕಡೆ ಒಂದು ವಸತಿ ಶಾಲೆಯಲ್ಲಿ ಸೀಟು ಗಿಟ್ಟಿಸಿಕೊಂಡಿದ್ದಳು. ಲೋಕೇಶ ಬೀದಿಗೆಲ್ಲ ಸ್ವೀಟು ಹಂಚಿದ್ದ. ಅವಳಿಗೂ ಆ ಶಾಲೆ ಅಂದರೆ ಪ್ರಾಣ. ಅಲ್ಲಿ ಖೋಖೋ ಇದೆ, ಕಂಪ್ಯೂಟರ್ ಇದೆ, ಕಿಟಕಿ ಪಕ್ಕದ ಮಂಚ ಸಿಕ್ಕಿದೆ ಅಂತ ಫೋನಿನಲ್ಲಿ ವರದಿ ಒಪ್ಪಿಸಿದ್ದಳು. ಆಮೇಲೆ ಒಂದು ದಿನ ವಾರ್ಡನ್ ಮೇಡಂ ಫೋನ್ ಮಾಡಿ ಬಂದು ಕರೆದುಕೊಂಡು ಹೋಗಿ ಅಂದರು.

ಊರಿಗೆ ಹೇಳಿದ್ದು ಹುಷಾರಿಲ್ಲ ಅಂತ. ನನಗೆ ಹೇಳಿದ್ದು ಬೇರೆ. ಹುಡುಗಿ ರಾತ್ರಿ ಮಲಗುವುದಿಲ್ಲವಂತೆ. ಎದ್ದು ಮಂಚದಿಂದ ಮಂಚಕ್ಕೆ ಓಡಾಡುತ್ತಾಳಂತೆ. ಅದೇ ಹೊತ್ತಿಗೆ ಯಾರದೋ ಟ್ರಂಕಿನಿಂದ ಚಾಕ್ಲೇಟು ಹೋಗಿದೆ, ಇನ್ನ್ಯಾರದೋ ಕ್ಲಿಪ್ಪು ಹೋಗಿದೆ. ಕತ್ತಲಲ್ಲಿ ಓಡಾಡುವವಳು ಒಬ್ಬಳೇ ಅಂದಮೇಲೆ ಯಾರ ಮೇಲೆ ಹೋಗುತ್ತೆ ಅನುಮಾನ? ಕಳ್ಳಿ ಅಂತ ಲೋಕೇಶನ ಮುಂದೆ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. "ಮನೇಲಿಟ್ಕೊಂಡು ಸರಿ ಮಾಡಿ, ಇಲ್ಲದಿದ್ರೆ ಸೀಟು ಬೇರೆಯವರಿಗೆ ಕೊಡಬೇಕಾಗುತ್ತೆ" ಅಂದರು. ಸೋಮವಾರದವರೆಗೆ ಟೈಮು.

ಲೋಕೇಶ ಕೇಳಿದ್ದಾನೆ, ತಗಂಡ್ಯಾ? ಇಲ್ಲ ಅಂದಿದ್ದಾಳೆ. ನಿಜ ಯೋಳು ಅಂತ ಒಂದು ಬಿಟ್ಟಿದ್ದಾನೆ. ಆಗಲೂ ಇಲ್ಲ ಅಂದಿದ್ದಾಳೆ. ಅಲ್ಲಿಗೆ ವಿಚಾರಣೆ ಮುಗಿದಿದೆ.

ಮನೆಯಲ್ಲೂ ಅದೇ ಕಥೆ. ಕಣ್ಣಿನ ಕೆಳಗೆ ಕಪ್ಪು, ಅನ್ನದ ತಟ್ಟೆ ಮುಂದೆ ತೂಕಡಿಕೆ, ಮಲಗು ಅಂದರೆ ಮಾತ್ರ ಕಣ್ಣು ಅಗಲ. ಎಲ್ಲರ ತೀರ್ಪೂ ಒಂದೇ. ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸು ಅಂತ ಕೈಗೆ ಮೊಬೈಲು ಕೊಟ್ಟೆವಲ್ಲ, ಅದು ನಿದ್ದೆ ತಿಂದುಹಾಕಿತು. ನಾನೂ ತಲೆಯಾಡಿಸಿದೆ. ಇದೇ ಅಂಕಣದಲ್ಲಿ ನಾನು ಮೊಬೈಲಿಗೆ ಮಂಗಳಾರತಿ ಎತ್ತಿದ್ದು ನಿಮಗೆ ನೆನಪಿರಬಹುದು. (ತುಂಬಾ ಚೆನ್ನಾಗಿದೆ ಮೇಡಂ ಅಂತ ನೀವೆಲ್ಲ ಮೆಸೇಜು ಮಾಡಿದ್ದೂ ಮೊಬೈಲಿನಲ್ಲೇ ಅನ್ನಿ.) ನಮ್ಮ ಕುಟುಂಬದಲ್ಲಿ ಹಟದ ಮಕ್ಕಳನ್ನು ಮಲಗಿಸುವ ಡಿಪಾರ್ಟ್‌ಮೆಂಟು ನನ್ನದು. ಹಾಗಾಗಿ ಭಾನುವಾರ ನನಗೆ ಬುಲಾವು ಬಂದಿತ್ತು.

ಗೇಟಿನ ಹತ್ತಿರದಿಂದ ವಾಪಸ್ ಬಂದೆ. ನಾನು ಹತ್ತಬೇಕಿದ್ದ ಮಳವಳ್ಳಿ ಬಸ್ಸು ಹೋದರೆ ಹೋಗಲಿ ಅನ್ನಿಸಿತು. ಧನು ಹಾಗೇ ಮಲಗಿದ್ದಳು, ಕಣ್ಣು ಮಾತ್ರ ಬಿಟ್ಟಿದ್ದಳು.

"ನಿದ್ದೆ ಬರ್ನಿಲ್ವೇನವ್ವ?"

"ಬಂದಿತ್ತು. ನಾನೇ ಬುಡ್ನಿಲ್ಲ."

"ಯಾಕೆ?"

"ನೀನು ಓಯ್ತಿದ್ದಲ್ಲ."

ನಾನು ಪೆಚ್ಚಾದೆ. "ನಿಧಾನಕ್ಕೆ ಉಸಿರು ಬಿಡ್ತಿದ್ದೆಯಲ್ಲೇ, ನಾನೇ ಕೇಳಿಸ್ಕೊಂಡೆ" ಅಂದೆ.

"ಅಂಗೇ ಬುಡ್ಬೇಕು ಅತ್ತೆ. ಕಣ್ಣು ಗಟ್ಟಿಯಾಗಿ ಮುಚ್ಬಾರ್ದು, ಗೊತ್ತಾಗ್ಬುಡ್ತದೆ. ಆಗ ಎಲ್ರೂ ಮಲ್ಗವ್ಳೆ ಅಂದ್ಕತಾರೆ. ಆಮೇಲೆ ನಿಜ ಮಾತಾಡ್ತಾರೆ."

ಹತ್ತು ಹನ್ನೊಂದು ವರ್ಷದ ಹುಡುಗಿ, ಅಡುಗೆ ಹೇಳಿಕೊಡುವಷ್ಟು ಸಲೀಸಾಗಿ ಇದನ್ನು ಹೇಳಿದಳು. ಏನು ನಿಜ, ಯಾವಾಗ ಕಲಿತೆ ಇದನ್ನ ಅಂತ ಕೇಳಿದೆ. ಅಮ್ಮ ಅಂಗಡಿಗೆ ಹೋಗಿದ್ದಾಗ ಅಂದಳು.

ಎರಡನೇ ಅಲೆಯ ಲಾಕ್‌ಡೌನು. ಧನುವಿಗೆ ಆಗ ಯುಕೆಜಿ ವಯಸ್ಸು. ಸವಿತಾಗೆ ಜ್ವರ ಬಂದು ಟೆಸ್ಟಿನಲ್ಲಿ ಪಾಸಿಟಿವ್ ಅಂತ ಬಂತು. ಬೆಳಿಗ್ಗೆ ಬೆಳಿಗ್ಗೆಯೇ ಆಸ್ಪತ್ರೆಯ ವ್ಯಾನು ಬಂತು. ಮಗಳ ಮುಖ ಒಂದು ಸಲ ನೋಡಿಕೊಂಡು ಬರ್ತೀನಿ ಅಂತ ಸವಿತಾ ತಿರುಗಿದರೆ ಅವ್ವ ಬಾಗಿಲಲ್ಲೇ ಕೈ ಅಡ್ಡ ಹಿಡಿದಳಂತೆ. "ಮಗು ಮಲ್ಗದೆ. ಎದ್ರೆ ಬುಡಾಕಿಲ್ಲ. ಅಂಗೇ ವೊಂಟೋಗವ್ವ." ಸವಿತಾ ಹಾಗೇ ಹೊರಟುಹೋದಳು. ಎದ್ದ ಮಗು ಅಮ್ಮ ಎಲ್ಲಿ ಅಂದಾಗ, ಅಂಗ್ಡಿಗೆ ಓಗವ್ಳೆ ಅಂದರು. ಮಧ್ಯಾಹ್ನವೂ ಅಂಗಡಿ. ಮಾರನೇ ದಿನವೂ ಅಂಗಡಿ.

"ನಾನು ಗೇಟತ್ರ ಓಗಿ ನೋಡ್ದೆ ಅತ್ತೆ. ಎದುರ್ಗಡೆ ಅಂಗ್ಡಿ ಬಾಗ್ಲು ಆಕಿತ್ತು. ಎಲ್ಲಾ ಅಂಗ್ಡಿನೂ ಬಾಗ್ಲಾಕಿದ್ವು."

ಲಾಕ್‌ಡೌನಿನಲ್ಲಿ ಅಂಗಡಿ! ಸುಳ್ಳು ಹೇಳುವಾಗಲಾದರೂ ದೊಡ್ಡವರಾದ ನಾವು ಸ್ವಲ್ಪ ತಲೆ ಓಡಿಸಬಾರದಾ?

ಆ ರಾತ್ರಿ ಕಣ್ಣು ಮುಚ್ಚಿ ಮಲಗಿದ್ದಾಗ ಮಗುವಿಗೆ ಸುದ್ದಿ ಸಿಕ್ಕಿತು. ಅಮ್ಮನಿಗೆ ಉಸಿರಾಟ ಕಷ್ಟವಾಗಿದೆ, ಆಕ್ಸಿಜನ್ ಹಾಕಿದ್ದಾರೆ. ಇನ್ನೊಂದು ರಾತ್ರಿ, ಅಲ್ಲಿ ಸತ್ತರೆ ಮುಖ ನೋಡಕ್ಕೂ ಬಿಡಾಕಿಲ್ವಂತೆ ಅಂತ ಅಪ್ಪ ಅಜ್ಜಿಗೆ ಹೇಳುತ್ತಾ ಅಳುತ್ತಿದ್ದ. ಮಗು ಅಳಲಿಲ್ಲ. ಅತ್ತರೆ ಎಚ್ಚರವಾಗಿರುವುದು ಗೊತ್ತಾಗಿಬಿಡುತ್ತಲ್ಲ, ಆಮೇಲೆ ಯಾರು ಸುದ್ದಿ ಹೇಳುತ್ತಾರೆ? ಹಗಲು ಅಂಗಡಿ, ರಾತ್ರಿ ಆಕ್ಸಿಜನ್. ಐದು ವರ್ಷದ ಜೀವ ಎರಡನ್ನೂ ತಾನೊಂದೇ ಒಳಗಿಟ್ಟುಕೊಂಡಿತ್ತು.

ಸವಿತಾ ಹುಷಾರಾಗಿ ಬಂದಳು. ಮನೆಯಲ್ಲಿ ಒಬ್ಬಟ್ಟು ಮಾಡಿದರು. ಎಲ್ಲ ಮುಗಿಯಿತು ಅಂದುಕೊಂಡೆವು.

"ಆಸ್ಟೆಲಲ್ಲಿ ಯಾಕವ್ವ ಓಡಾಡ್ತಿದ್ದೆ?" ಅಂತ ಕೊನೆಗೆ ಕೇಳಿದೆ.

"ಎಲ್ರೂ ಮಂಚ್ದಲ್ಲಿ ಅವ್ರಾ ಅಂತ ನೋಡ್ತಿದ್ದೆ. ಅವತ್ತು ಒಂದು ಮಂಚ ಖಾಲಿ ಇತ್ತು. ಅವ್ಳು ಬಾತ್ರೂಮಿಂದ ಬರೋಗಂಟ ಅಲ್ಲೇ ನಿಂತಿದ್ದೆ. ಆಗ್ಲೇ ಮೇಡಂ ನೋಡಿದ್ದು."

"ಮೇಡಂಗೆ ಯೋಳೋದಲ್ವಾ?"

"ಕದ್ದ್ಯಾ ಅಂತ ಕೇಳುದ್ರು. ಇಲ್ಲ ಅಂದೆ. ಯಾಕೆ ನಿಂತಿದ್ದೆ ಅಂತ ಯಾರೂ ಕೇಳ್ನೇ ಇಲ್ಲ."

ನಾನು ಹೊರಗೆ ಬಂದು ಜಗಲಿಯಲ್ಲಿ ಎಲ್ಲ ಹೇಳಿದೆ. ಲೋಕೇಶ ಒಪ್ಪಲಿಲ್ಲ. "ಅಯ್ಯೋ ಬುಡಕ್ಕ, ಆಗ ಇಷ್ಟುದ್ದ ಇದ್ಲು. ಮಕ್ಳು ಮರ್ತೋಯ್ತವೆ." ಆಕ್ಸಿಜನ್ ಅಂದ್ಲು ಕಣ್ಲಾ, ಮುಖ ನೋಡಕ್ಕೂ ಬುಡಾಕಿಲ್ಲ ಅಂತ ನೀನು ಅತ್ತದ್ದನ್ನೂ ಹೇಳಿದ್ಲು ಅಂದೆ. ಅವನು ಎದ್ದು ಕೊಟ್ಟಿಗೆ ಕಡೆ ಹೋಗಿಬಿಟ್ಟ. ಸವಿತಾ ಹೊಸ್ತಿಲ ಮೇಲೆ ಕೂತಳು. "ನಾನು ಯಾವೊತ್ತು ಎದ್ರೂ ಎದ್ದಿರ್ತಾಳೆ ಅತ್ಗೆ. ನಮ್ಮುಡ್ಗಿ ಬಲೇ ಚುರುಕು ಅಂತ ಎಲ್ರತ್ರನೂ ಯೋಳ್ಕಂಡು ತಿರುಗ್ದೆ" ಅಂದಳು. ಅವ್ವ ಬಂದು ಅವಳ ಪಕ್ಕ ಕೂತಳು. ಆಮೇಲೆ, "ಎಬ್ಬಸ್ಬೇಕಿತ್ತು. ಅತ್ರೆ ಅಳ್ಳಿ ಅಂತ ಎಬ್ಬಸ್ಬೇಕಿತ್ತು" ಅಂದಳು. ಈ ಸಲ ಅವಳ ದನಿ ನಿಜಕ್ಕೂ ಮೆತ್ತಗಿತ್ತು.

ಅವ್ವನನ್ನು ಬೈಯೋಣವಾ? ಬೈಯುವ ಬಾಯಿ ಯಾರಿಗಿದೆ? ಮಗು ಮಲಗಿದಾಗ ಹೊರಡುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ನಡೆಯುವುದೇ. ಗಾರ್ಮೆಂಟ್ಸಿಗೆ ಹೋಗುವ ತಾಯಿ, ಬೆಂಗಳೂರು ಟ್ರೈನು ಹತ್ತುವ ಅಪ್ಪ, ಹಬ್ಬ ಮುಗಿಸಿ ಊರಿಗೆ ಹೊರಟ ಅತ್ತೆ. ಪಾಪ, ಅಳುತ್ತದೆ ಅಂತ ಕರುಣೆಯಿಂದಲೇ ಮಾಡುತ್ತೇವೆ. ಕರುಣೆ ಯಾರ ಮೇಲೆ? ಮಗು ನಾವು ಹೋದಮೇಲೆ ಹೇಗೂ ಅಳುತ್ತದೆ. ಕೇಳಿಸಿಕೊಳ್ಳುವ ಕಷ್ಟ ತಪ್ಪಿದ್ದು ನಮಗೆ. ಮಾಮೂಲಿ ದಿನಗಳಲ್ಲಿ ಸಂಜೆಗೆ ತಾಯಿ ಬಂದುಬಿಡುತ್ತಾಳೆ, ಸುಳ್ಳು ಮಾಫ್ ಆಗುತ್ತದೆ. ಆ ದಿನಗಳಲ್ಲಿ ಹಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅಂಗಡಿಗೆ ಹೋದವರು ಬರಲೇ ಇಲ್ಲ. ಆ ಮಕ್ಕಳ ನಿದ್ದೆ ಕೆಟ್ಟಿದೆ ಅಂದರೆ ನಾವು ಕೈಯಿಂದ ಮೊಬೈಲು ಕಿತ್ತುಕೊಂಡು ಸುಮ್ಮನಾಗುತ್ತಿದ್ದೇವೆ.

ಸೋಮವಾರ ಸವಿತಾ, ಧನು, ನಾನು ಮದ್ದೂರಿಗೆ ಹೋದೆವು. ದಾರಿಯುದ್ದಕ್ಕೂ ಒಂದು ಭಾಷಣ ರೆಡಿ ಮಾಡಿಕೊಂಡಿದ್ದೆ. (ಅಂಕಣಕಾರ್ತಿ ಅಲ್ಲವೇ.) ಬೇಕಾಗಲಿಲ್ಲ. ಸವಿತಾಳೇ ತನಗೆ ಬಂದ ಹಾಗೆ ಎಲ್ಲ ಹೇಳಿದಳು. ವಾರ್ಡನ್ ಮೇಡಂ ಕೇಳಿಸಿಕೊಂಡರು.

"ಹೋದ ವರ್ಷ ಇನ್ನೊಂದು ಹುಡುಗಿ ಹೀಗೇ ಓಡಾಡ್ತಿದ್ಲು" ಅಂದರು. "ಟಿ.ಸಿ. ಕೊಟ್ಟು ಕಳಿಸಿಬಿಟ್ವಿ."

"ಅವಳನ್ನೇನೂ ಕೇಳಲಿಲ್ವಾ ಮೇಡಂ?"

"ಕೇಳಿದ್ವಿ. ಕದ್ದಿದ್ದನ್ನ ಎಲ್ಲಿಟ್ಟಿದ್ದೀಯಾ ಅಂತ."

ಮೇಡಂ ರಿಜಿಸ್ಟರು ಎಳೆದುಕೊಂಡು ಧನುವಿನ ಹೆಸರಿನ ಮುಂದೆ ಹಾಜರಿ ಹಾಕಿದರು.

ಹೊರಡುವಾಗ ಸವಿತಾ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡಳು. "ನಾವು ಓಯ್ತಾ ಇದೀವಿ ಕಣವ್ವ. ಇಲ್ಲೇ ನಿಂತ್ಕಂಡು ನೋಡು. ಶನಿವಾರ ಬತ್ತೀನಿ." ಧನು ಅಮ್ಮನ ಸೆರಗು ಹಿಡಿದು ಕಿರುಚಿ ಅತ್ತಳು. ಸವಿತಾಳೂ ಅತ್ತಳು. ಕ್ಲಾಸಿನ ಕಿಟಕಿಗಳಲ್ಲಿ ಅಷ್ಟೂ ಮಕ್ಕಳ ತಲೆ. ನನಗೆ ನಾಚಿಕೆಯೇನೂ ಆಗಲಿಲ್ಲ. ಅಳು ಜೋರಾಗಿಯೇ ಇದ್ದಾಗ, ಅವಳ ಕಣ್ಣೆದುರೇ ನಡೆದು ಹೋದೆವು.

ನಿದ್ದೆ ಬಂತಾ ಅಂತ ಕೇಳುತ್ತೀರಿ. ಒಂದು ರಾತ್ರಿ ಬಂತಂತೆ, ಮಾರನೇ ರಾತ್ರಿ ಇಲ್ಲವಂತೆ. ಸೀಟು ಉಳಿದಿದೆ. ಅನುಮಾನದ ಮಾತು ನಿಂತಿದೆ. ಈಗ ಎಚ್ಚರವಾದರೆ ಹೋಗಿ ಮೇಡಂ ಬಾಗಿಲು ತಟ್ಟುತ್ತಾಳಂತೆ.

ಆದರೆ ಹೋದ ವರ್ಷ ಟಿ.ಸಿ. ಹಿಡಿದು ಹೊರಟುಹೋದ ಆ ಇನ್ನೊಬ್ಬ ಹುಡುಗಿ, ಇವತ್ತು ಯಾರ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಎಚ್ಚರವಾಗಿದ್ದಾಳೆ?