ಕಿವಿ ಮೇಸ್ತ್ರಿಯ ಹಳೇ ಬೈಕು

ನಮ್ಮಪ್ಪನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ರಸ್ತೆ ತಿರುವಿನಲ್ಲಿ ಬೈಕಿನ ಸದ್ದಾದರೆ ಸಾಕು, ತಲೆ ಎತ್ತದೆಯೇ "ಚೈನು ಸಡಿಲ", "ಇವನ ಕಾರ್ಬುರೇಟರಲ್ಲಿ ಕಸ" ಎಂದುಬಿಡುತ್ತಿದ್ದ. ಗಾಡಿ ಬಂದು ನಿಲ್ಲುವಷ್ಟರಲ್ಲಿ ಬೇಕಾದ ಸ್ಪ್ಯಾನರ್ ಕೈಯಲ್ಲಿರುತ್ತಿತ್ತು. ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ಶಾಲೆಯಿಂದ ಬಂದು ನಾನು ಗ್ರೀಸ್ ಡಬ್ಬಿಯ ಮೇಲೆ ಕೂತು ಬರೆಯುತ್ತಿದ್ದೆ. ನನ್ನ ಪುಸ್ತಕಗಳಿಗೆಲ್ಲ ಪೆಟ್ರೋಲಿನ ವಾಸನೆ. ಇವತ್ತಿಗೂ ಆ ವಾಸನೆ ಮೂಗಿಗೆ ಬಡಿದರೆ ನನಗೆ ಹೊಟ್ಟೆ ತುಂಬಿದಷ್ಟು ಸುಖ.

ಅಂಥ ಅಪ್ಪನ ಕಿವಿ ಅರವತ್ತು ದಾಟುತ್ತಲೇ ಕೈಕೊಟ್ಟಿತು. ಜೋರು ಮಾತು ಕೇಳಿಸುತ್ತಿತ್ತು, ಸಣ್ಣ ಸದ್ದುಗಳು ಹೋಗಿದ್ದವು. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಅಪ್ಪ ಕೇಳಿಸಿದವನಂತೆ ತಲೆಯಾಡಿಸುತ್ತಿದ್ದ, ನಾವು ನಂಬಿದವರಂತೆ ಇರುತ್ತಿದ್ದೆವು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. "ಈಗಿನ ಗಾಡಿಗಳಿಗೆ ಮೇಸ್ತ್ರಿನೇ ಬೇಡ" ಎಂದು ಅಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಗ ತಂದದ್ದು ಈ ಬೈಕು. ಮದುವೆಯಾದ ಹೊಸದರಲ್ಲಿ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಓಡಾಡಿದ ಮಾದರಿಯದೇ. ಯಾರದೋ ಹಿತ್ತಿಲಲ್ಲಿ ಅದರ ಮೇಲೆ ಕೋಳಿಗಳು ಮಲಗುತ್ತಿದ್ದವಂತೆ. ಗುಜರಿ ಬೆಲೆಗೆ ಸಿಕ್ಕಿತ್ತು.

"ಓಡದಿದ್ರೆ ಹೋಗ್ಲಿ, ಮೊಟ್ಟೆನಾದ್ರೂ ಇಡುತ್ತಾ ಕೇಳಿದ್ರಾ?" ಎಂದಳು ಅಮ್ಮ.

ಅಪ್ಪ ನಗಲಿಲ್ಲ. "ಇದನ್ನ ಸ್ಟಾರ್ಟ್ ಮಾಡಕ್ಕಾಗ್ಲಿಲ್ಲ ಅಂದ್ರೆ ಸಾಮಾನೆಲ್ಲ ಮಾರಿ ಬಾಗಿಲು ಹಾಕ್ತೀನಿ," ಎಂದ. ಅಪ್ಪ ಹೇಳಿದ್ದನ್ನು ಮಾಡುವವನು.

ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ತುಕ್ಕು ಹಿಡಿದಿತ್ತು. ಹತ್ತು ದಿನ ಕೂತು ಬಿಚ್ಚಿದ, ಉಜ್ಜಿದ, ತಂತಿ ಹೊಸದಾಗಿ ಸುತ್ತಿಸಿ ತಂದು ಕೂಡಿಸಿದ. ಪ್ಲಗ್ ಹೊರಗಿಟ್ಟು ಕಿಕ್ ಹೊಡೆದರೆ ನೀಲಿ ಕಿಡಿ ಚಟ್ಟನೆ ಹಾರುತ್ತಿತ್ತು. ಒಳಗೆ ಹಾಕಿದರೆ ಮಾತ್ರ ಜಪ್ಪಯ್ಯ ಎಂದರೂ ಬೈಕು ಸ್ಟಾರ್ಟ್ ಆಗದು. ಒಂದು ಸಂಜೆ ಅಪ್ಪ ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಜೋಡಿಸತೊಡಗಿದ. ನಾನು ಒಳಗೆ ಹೋಗಿ ಅತ್ತೆ.

ಮರುದಿನ ಬೆಳಿಗ್ಗೆ, ಕೊನೆಯ ಸಲ ಎಂದು ಮತ್ತೆ ಕೂತ. ಪಿಸ್ಟನ್ ಎರಡು ಸಲ ಮೇಲೆ ಬಂದರೆ ಕಿಡಿ ಹಾರಬೇಕಾದ್ದು ಒಂದು ಸಲ ಮಾತ್ರ. ಆ ಸಲ ಪ್ಲಗ್ಗಿನ ತೂತಿನಿಂದ ಗಾಳಿ ಫುಸ್ಸೆಂದು ಹೊರಡುತ್ತದೆ. ಬೇರೆ ಮೇಸ್ತ್ರಿಗಳು ತೂತಿಗೆ ಹೆಬ್ಬೆರಳಿಟ್ಟು ನೋಡುತ್ತಾರೆ. ಅಪ್ಪನಿಗೆ ಅದೆಂದರೆ ತಾತ್ಸಾರ. ನಲವತ್ತು ವರ್ಷ ಕಿವಿಯಿಂದಲೇ ಹಿಡಿದವನು. ಈಗಲೂ ತೂತಿನ ಬಳಿ ಕಿವಿ ತಂದು, ಕಿಕ್ಕನ್ನು ಕೈಯಿಂದ ಮೆಲ್ಲಗೆ ಒತ್ತಿ, "ಹಾಂ, ಇದೇ" ಎಂದು ಗುರುತು ಹಾಕಿದ.

ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟ ಕೆಳಗಿಟ್ಟು ಅಪ್ಪನ ಭುಜ ಮುಟ್ಟಿದಳು.

"ರೀ, ಈಗ ಗಾಳಿ ಸದ್ದು ಬರ್ಲಿಲ್ಲ. ಇನ್ನೊಂದ್ಸಲ ತಿರುಗಿಸಿ."

ಇಷ್ಟು ವರ್ಷ ಒಳಗಿನಿಂದಲೇ ಈ ಸದ್ದುಗಳನ್ನೆಲ್ಲ ಕೇಳಿಸಿಕೊಂಡಿದ್ದರೂ ಅಮ್ಮ ಅಪ್ಪನ ಕೆಲಸದಲ್ಲಿ ಬಾಯಿ ಹಾಕಿದವಳಲ್ಲ. ಅಪ್ಪ ಅವಳನ್ನೇ ದಿಟ್ಟಿಸಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ, ಮತ್ತೆ ಕಿಕ್ ಒತ್ತಿದ.

"ಈಗ ಬಂತು," ಎಂದಳು.

ಅಪ್ಪ ಮತ್ತೆ ತಿರುಗಿಸಿ, ಈ ಸಲ ತೂತಿಗೆ ಹೆಬ್ಬೆರಳಿಟ್ಟು ನೋಡಿದ. ಗಾಳಿ ಬೆರಳನ್ನು ತಳ್ಳಿತು. ಇಷ್ಟು ದಿನ ಗಾಳಿ ಬಾರದ ಸಲಕ್ಕೇ ಕಿಡಿ ಕೂಡಿಸಿದ್ದು ಅವನಿಗೆ ಗೊತ್ತಾಯಿತು, ಯಾಕೆ ಎಂಬುದೂ ಗೊತ್ತಾಯಿತು. ಮ್ಯಾಗ್ನೆಟೋ ಬಿಚ್ಚಿ ಸರಿಯಾಗಿ ಕೂಡಿಸಿದ.

ಮೂರನೆಯ ಕಿಕ್ಕಿಗೆ ಬೈಕು ಶುರುವಾಯಿತು. ಕಿಟಕಿಯ ಗಾಜು ನಡುಗಿತು, ಪಕ್ಕದ ಮನೆಯ ದರ್ಜಿ ಹೊಲಿಗೆ ಬಿಟ್ಟು ಓಡಿ ಬಂದ. ನನಗಾಗಲೇ ಮೂವತ್ತು, ಆದರೂ ಕುಣಿದಾಡಿದೆ. ಅಪ್ಪನ ಮುಖ ಮಾತ್ರ ಅರಳಲಿಲ್ಲ. ಟ್ಯಾಂಕಿನ ಮೇಲೆ ಅಂಗೈ ಊರಿ ಕತ್ತನ್ನು ಆ ಕಡೆ ಈ ಕಡೆ ವಾಲಿಸಿದ. ಆಮೇಲೆ ದರ್ಜಿಯ ಎದುರಿಗೇ ಅಮ್ಮನಿಗೆ ಹೇಳಿದ:

"ಸದ್ದು ಬರ್ತಿದೆ ಕಣೇ, ಹದ ಗೊತ್ತಾಗ್ತಿಲ್ಲ. ನನಗೆ ಕಿವಿ ಸರಿಯಾಗಿ ಕೇಳಲ್ಲ. ನೀನು ಹೇಳು."

ಅಮ್ಮ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದಳು. ಅಂಗೈ ಕೆಳಮುಖ ಮಾಡಿ, ಸ್ವಲ್ಪ ಇಳಿಸಿ ಎಂದು ತೋರಿಸಿದಳು. ಅಪ್ಪ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿದ. ಇನ್ನೊಂದು ಚೂರು. ಅವಳ ಕೈಯನ್ನೇ ನೋಡುತ್ತಾ ತಿರುಗಿಸಿದ. ಕೈ ನಿಂತಾಗ ಅವನೂ ನಿಲ್ಲಿಸಿದ.

ಮರುವಾರ ದರ್ಜಿ ತನ್ನ ಸ್ಕೂಟರ್ ತಂದು ನಿಲ್ಲಿಸಿದ. ಅಪ್ಪ ಒಳಬಾಗಿಲಿಗೆ ತಿರುಗಿ ಕೂಗಿದ: "ಸ್ವಲ್ಪ ಬರ್ತೀಯೇನೇ? ಗಾಡಿ ಬಂದಿದೆ, ಕೇಳ್ಬೇಕು."